ಕೊಲಂಬೊ: ‘ಇವತ್ತು ಆನೆ ಮೆರವಣಿಗೆ’ ಅಂದವನ ಆಟೊ ಹತ್ತಬೇಡಿ

ಕೊಲಂಬೊಗೆ ಹೋದವರು ಗಾಲ್ ಫೇಸ್ ಬಯಲಿಗೆ ಹೋಗದೆ ಬರುವುದಿಲ್ಲ. ಬ್ರಿಟಿಷ್ ಗವರ್ನರ್ ಹೆನ್ರಿ ವಾರ್ಡ್ 1859ರಲ್ಲಿ ಮಾಡಿಸಿದ ಕಡಲಂಚಿನ ಹಾದಿ, ಗಾಳಿಪಟ, ಮೇಲೆ ಇಡೀ ಸಿಗಡಿ ಕೂರಿಸಿ ಕರಿದ ಇಸ್ಸೊ ವಡೆ. ಮೋಸದ ಸರಪಳಿ ಶುರುವಾಗುವುದೂ ಇಲ್ಲೇ.

ಇಸ್ತ್ರಿ ಅಂಗಿಯವನೊಬ್ಬ ಪಕ್ಕಕ್ಕೆ ಬಂದು, ‘ಗುರುತು ಸಿಗಲಿಲ್ವಾ ಸರ್? ನಿಮ್ಮ ಹೋಟೆಲ್ ಕಿಚನ್‌ನಲ್ಲೇ ಕೆಲಸ’ ಅನ್ನುತ್ತಾನೆ. ಯಾವ ಹೋಟೆಲ್ ಅಂತ ಅವನ ಬಾಯಿಂದಲೇ ಹೇಳಿಸಿ. ನೀವಾಗಿ ಹೆಸರು ಬಿಟ್ಟುಕೊಡಬೇಡಿ. ಆಮೇಲೆ ಬರುವುದು ಆನೆಯ ಸುದ್ದಿ: ಗಂಗಾರಾಮ ದೇಗುಲದಲ್ಲಿ ಇವತ್ತೊಂದೇ ದಿನ ಉತ್ಸವವಂತೆ. ಅಲ್ಲಿ ಆನೆ ಮೆರವಣಿಗೆ ನಡೆಯುವುದು ನಿಜವಾದ್ದರಿಂದಲೇ ಜನ ನಂಬುತ್ತಾರೆ. ಆದರೆ ಆ ನವಂ ಪೆರಹೆರ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಫೆಬ್ರವರಿಯ ಹುಣ್ಣಿಮೆ ಆಸುಪಾಸು, ನಮ್ಮ ಲೆಕ್ಕದಲ್ಲಿ ಮಾಘ ಹುಣ್ಣಿಮೆ. ಕ್ಯಾಲೆಂಡರ್ ನೋಡಿದರೆ ಸಾಕು. ದೇಗುಲಕ್ಕೂ ಈ ದಂಧೆಗೂ ಸಂಬಂಧವಿಲ್ಲ, ನೀವಾಗಿಯೇ ಹೋಗಿ ನೋಡಿ. ಬೇರಾ ಕೆರೆಯ ಮೇಲಿರುವ ಅದರ ಧ್ಯಾನಮಂದಿರ ಸೀಮ ಮಾಲಕವಂತೂ ಬಿಡಬೇಡಿ.

ಆಟೊ ಅಲ್ಲೇ ಸಿದ್ಧವಿರುತ್ತದೆ. ಬಾಡಿಗೆ ಕೇಳಿದರೆ ‘ಆಮೇಲೆ ನೋಡೋಣ’. ದೇಗುಲದಲ್ಲಿ ಹತ್ತು ನಿಮಿಷ ನಿಲ್ಲಿಸಿ, ಸೀದಾ ಹರಳಿನ ಅಂಗಡಿ. ‘ಸರ್ಕಾರಿ ರಿಯಾಯಿತಿ, ಇವತ್ತೇ ಕೊನೆ, ಬೆಂಗಳೂರಲ್ಲಿ ಎರಡರಷ್ಟಕ್ಕೆ ಮಾರಬಹುದು.’ ಶನಿ ಕಾಟಕ್ಕೆ ಸಿಲೋನ್ ನೀಲವೇ ಆಗಬೇಕು ಅಂತ ಜ್ಯೋತಿಷಿ ಹೇಳಿ ಕಳಿಸಿದವರು ಬೀಳುವುದು ಇಲ್ಲಿ.

ಅಂಗಡಿಯವನು ಹರಳಿನಿಂದ ಗಾಜು ಗೀಚಿ ತೋರಿಸುತ್ತಾನೆ, ಲೈಟರ್ ಹಿಡಿಯುತ್ತಾನೆ. ಇದರಿಂದ ಅದು ಗಾಜಲ್ಲ ಅನ್ನುವುದಷ್ಟೇ ಗೊತ್ತಾಗುತ್ತದೆ. ಕುಲುಮೆಯಲ್ಲಿ ಮಾಡಿದ ನೀಲವೂ ರಾಸಾಯನಿಕವಾಗಿ ಅದೇ ಕುರುಂದ (ಕೊರಂಡಮ್), ಮೋಸ್ ಮಾಪಕದಲ್ಲಿ ಗಡಸುತನ ಅದೇ 9. ಗಾಜನ್ನು ಅದೂ ಗೀಚುತ್ತದೆ, ಲೈಟರ್ ಉರಿಗೆ ಅದಕ್ಕೂ ಏನೂ ಆಗುವುದಿಲ್ಲ. 10 ಪಟ್ಟು ಹಿಗ್ಗಿಸುವ ಲೂಪ್‌ನಲ್ಲಿ ನೋಡಿ: ಜ್ವಾಲೆಯಲ್ಲಿ ಕರಗಿಸಿ ಮಾಡಿದ ಅಗ್ಗದ ಹರಳಿನೊಳಗೆ ಬಣ್ಣದ ಗೆರೆ ಬಿಲ್ಲಿನಂತೆ ಬಾಗಿರುತ್ತದೆ, ಗಣಿಯದರಲ್ಲಿ ನೇರವಾಗಿ ಅಥವಾ ಕೋನವಾಗಿ. ಗೆರೆ ಕಾಣಲಿಲ್ಲ ಅಂತ ಅಸಲಿ ಎಂದುಕೊಳ್ಳಬೇಡಿ. ಅಸಲಿಯೇ ಆದರೂ ಕಾಯಿಸಿ ಬಣ್ಣ ಏರಿಸಿದ್ದಾದರೆ ಬೆಲೆ ಇಳಿಯುತ್ತದೆ, ಅದು ಬರಿಗಣ್ಣಿಗೆ ಕಾಣುವುದಿಲ್ಲ. ಕೊಳ್ಳಲೇಬೇಕೆಂದಿದ್ದರೆ ದುಡ್ಡು ಕೊಡುವ ಮುಂಚೆ ರಾಷ್ಟ್ರೀಯ ರತ್ನ ಮತ್ತು ಆಭರಣ ಪ್ರಾಧಿಕಾರದಲ್ಲಿ ಪರೀಕ್ಷೆ ಮಾಡಿಸಿ. ಅಂಗಡಿಯವನು ಒಪ್ಪದಿದ್ದರೆ ಎದ್ದು ಬನ್ನಿ. ಅಂಗಡಿಯದೇ ಸರ್ಟಿಫಿಕೇಟ್ ಲೆಕ್ಕಕ್ಕಿಲ್ಲ.

ಏನೂ ಕೊಳ್ಳದಿದ್ದರೆ ಆಟೊದವನ ವರಸೆ ಬದಲಾಗುತ್ತದೆ. ‘ನಾಲ್ಕು ಸಾವಿರ’ ಅಂತಾನೆ, ನೀವು ಶ್ರೀಲಂಕಾ ನೋಟು ತೆಗೆದರೆ ‘ಇಂಡಿಯನ್ ರುಪೀಸ್’ ಅಂತಾನೆ, ಅಂದರೆ ಮೂರು ಪಟ್ಟಿಗೂ ಜಾಸ್ತಿ. ಪಿಕ್‌ಮಿ ಅಥವಾ ಊಬರ್‌ನಲ್ಲಿ ಕರೆಸಿದರೆ ದರ ಮೊದಲೇ ಕಾಣುತ್ತದೆ. ಬೀದಿಯಲ್ಲೇ ಹತ್ತುವುದಾದರೆ ಮೀಟರ್ ಹಾಕಿಸಿ, ನಂಬರ್ ಪ್ಲೇಟಿನ ಫೋಟೊ ತೆಗೆದುಕೊಳ್ಳಿ, ಚಿಲ್ಲರೆ ನೋಟು ಬೇರೆ ಜೇಬಿನಲ್ಲಿರಲಿ. ಗಲಾಟೆಗೆ ಬಂದರೆ ಜನರಿರುವ ಜಾಗದಲ್ಲೇ ಇಳಿದು 119ಕ್ಕೆ ಫೋನ್ ಮಾಡಿ, ಅದು ಪೊಲೀಸರ ತುರ್ತು ಸಂಖ್ಯೆ.