ಒಂದು ಗುಡ್ಡ, ಮೂರು ನಕ್ಷೆ

ಶೃಂಗೇರಿ ಕಡೆ ನಮ್ಮ ದೊಡ್ಡಪ್ಪನ ಮನೆ ಹಿಂದೆ ಒಂದು ಗುಡ್ಡ ಇದೆ. ಡಿಸೆಂಬರ್ ರಜೆಯಲ್ಲಿ ಅದಕ್ಕೆ ಮೂರು ಸಲ ಹೋದೆ, ಒಂದೊಂದು ಸಲ ಒಂದೊಂದು ನಕ್ಷೆ ಹಿಡಿದು.

ಮೊದಲು ಫೋನು. ರಸ್ತೆ ಇರುವವರೆಗೆ ಅದರಷ್ಟು ಸಲೀಸು ಯಾವುದೂ ಇಲ್ಲ. ಕಾಡು ಶುರುವಾದ ಮೇಲೆ ಮಾತ್ರ ನೀಲಿ ಚುಕ್ಕಿಯ ಸುತ್ತ ಬರೀ ಹಸಿರು. ಅದು ತೋರಿಸಿದ ದಾರಿ ಯಾರದೋ ಅಡಿಕೆ ತೋಟದ ಬೇಲಿಗೆ ಮುಗಿಯಿತು. ವಾಪಸ್ ಬಂದೆ.

ಎರಡನೇ ಸಲ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್, ಅಂದರೆ ನೆಲದ ಏರಿಳಿತ ತೋರಿಸುವ ನಕ್ಷೆ. ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅಳತೆ 1:50,000, ಅಂದರೆ ಕಾಗದದ 1 ಸೆಂ.ಮೀ. ನೆಲದ ಮೇಲೆ 500 ಮೀಟರ್. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಂದು ಗೆರೆಗಳಿವೆ, ಗೆರೆಯಿಂದ ಗೆರೆಗೆ 20 ಮೀಟರ್ ಏರು. ಎಣಿಸುವುದು ಸುಲಭವಾಗಲಿ ಅಂತ ಪ್ರತಿ ಐದನೆಯದು ದಪ್ಪ. ಪೂರ್ವಕ್ಕೆ ಒಂದು ಸೆಂಟಿಮೀಟರಿನಲ್ಲಿ ಹತ್ತು ಗೆರೆ ಇದ್ದವು. ಅರ್ಧ ಕಿಲೋಮೀಟರಿಗೆ 200 ಮೀಟರ್ ಏರು! ಉತ್ತರಕ್ಕೆ ನಾಲ್ಕೇ. ಉತ್ತರದ ಕಡೆಯಿಂದಲೇ ಹತ್ತಿದೆ. ಒಂದು ಕಡೆ ಗೆರೆಗಳೆಲ್ಲ ಗುಡ್ಡದ ಒಳಕ್ಕೆ ಮಡಚಿಕೊಂಡಿದ್ದವು. ಹಾಗಿದ್ದರೆ ಅಲ್ಲಿ ಹಳ್ಳ ಇರಲೇಬೇಕು ಅಲ್ವಾ? ಐದು ನಿಮಿಷ ನಡೆದೆ, ನೀರಿನ ಸದ್ದು ಕೇಳಿಸಿತು. ಮೈ ಜುಮ್ಮೆಂದಿತು. ನೋಡುವ ಮೊದಲೇ ಆ ಹಳ್ಳ ನನಗೆ ಗೊತ್ತಿತ್ತು! ಹೊಸ ರಸ್ತೆಗಳು ಅದರಲ್ಲಿಲ್ಲ, ನಿಜ. ಆದರೂ ಒಬ್ಬನೇ ಗುಡ್ಡ ಹತ್ತುವಾಗ ನಾನು ನಂಬುವುದು ಇದನ್ನೇ.

ಮೂರನೆಯದು ಕಂದಾಯ ಇಲಾಖೆಯ ಗ್ರಾಮ ನಕ್ಷೆ. ಸರ್ವೆ ನಂಬರ್, ಕೆರೆ, ಬಾಂದು ಕಲ್ಲು ಎಲ್ಲ ಇದೆ. (ನಿಂತ ಜಾಗದ ಸರ್ವೆ ನಂಬರ್ ಮಾತ್ರ ಬೇಕಿದ್ದರೆ ದಿಶಾಂಕ್ ಆ್ಯಪ್ ಸಾಕು.) ಎತ್ತರ ಅನ್ನುವುದೇ ಇಲ್ಲ, ಗುಡ್ಡವೂ ಗದ್ದೆಯೂ ಒಂದೇ ಸಪಾಟು. ಪ್ರಯೋಜನ ಇಲ್ಲ ಅಂತ ಮಡಚುತ್ತಿದ್ದೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಜೋಡಿ ಚುಕ್ಕಿಗೆರೆಯ ಮೇಲೆ ಬೆರಳಿಟ್ಟರು.

“ಇಲ್ಲಿ ನೋಡೋ, ಹಳೇ ಬಂಡಿದಾರಿ. ನಿಮ್ಮಜ್ಜ ಅಡಿಕೆ ಸಾಗಿಸ್ತಿದ್ದದ್ದು ಇದರಲ್ಲೇ.”

ಆ ದಾರಿ ಉಳಿದೆರಡು ನಕ್ಷೆಯಲ್ಲೂ ಇರಲಿಲ್ಲ. ಮರುದಿನ ಇಬ್ಬರೂ ಹೋದೆವು. ಪೊದೆ ಸರಿಸಿದರೆ ಪಾಚಿ ಕಟ್ಟಿದ ಬಾಂದು ಕಲ್ಲು. ದೊಡ್ಡಪ್ಪ ಕತ್ತಿಯ ತುದಿಯಿಂದ ಪಾಚಿ ಕೆರೆದು, “ಇಲ್ಲಿಂದಾಚೆ ಬೇರೆ ಊರು” ಅಂದರು.

ರಾತ್ರಿ ಟೋಪೋಶೀಟ್ ಹರಡಿಕೊಂಡು ಆ ಬಂಡಿದಾರಿಯನ್ನು ಪೆನ್ಸಿಲ್‌ನಲ್ಲಿ ಎಳೆದೆ. ದೊಡ್ಡಪ್ಪ ಪಕ್ಕದಲ್ಲಿ ಕೂತು ಎರಡು ಕಡೆ ತಿದ್ದಿಸಿದರು.