ಪೆಪ್ಟೈಡ್‌ಗೆ ಯಾವ ಜಾಗ ಹಿತ: ಫ್ರಿಜ್ಜೋ, ಮೈನಸ್ 20ರ ಫ್ರೀಜರೋ, ಮೈನಸ್ 80ರದ್ದೋ?

ಅಮೈನೋ ಆಮ್ಲಗಳ ಕಿರು ಸರಪಳಿಯೇ ಪೆಪ್ಟೈಡ್. ಒಂದೇ ಬ್ಯಾಚಿನ ಪೆಪ್ಟೈಡ್ ಪುಡಿಯನ್ನು ಮೂರು ಕಡೆ ಇಟ್ಟು, ಆಗಾಗ ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ, ನಕ್ಷೆಯಲ್ಲಿ ಒಂದೊಂದನ್ನೂ ಒಂದೊಂದು ಶೃಂಗವಾಗಿ ತೋರಿಸುವ ಯಂತ್ರ) ಶುದ್ಧತೆ ನೋಡುತ್ತಾ ಬಂದೆ. ಬೇಕೆಂದೇ ನಾಜೂಕಿನ ಅಮೈನೋ ಆಮ್ಲ ಸರಣಿಯನ್ನು ಆರಿಸಿಕೊಂಡಿದ್ದೆ: ಅದರಲ್ಲಿ ಆಮ್ಲಜನಕಕ್ಕೆ ಬೇಗ ಮಣಿಯುವ ಮೆಥಿಯೋನಿನ್ ಇದೆ, ನೀರು ಸಿಕ್ಕರೆ ಅಮೈಡ್ ಗುಂಪನ್ನು ಕಳೆದುಕೊಳ್ಳುವ ಆಸ್ಪರಜಿನ್-ಗ್ಲೈಸಿನ್ ಜೋಡಿಯೂ ಇದೆ.

ಪುಡಿಯ ಮಟ್ಟಿಗೆ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗೂ ಮೈನಸ್ 80ಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 4 ಡಿಗ್ರಿಯ ಫ್ರಿಜ್ ಕೆಲವು ವಾರಗಳಿಗೆ ಸಾಕು, ವರ್ಷಗಟ್ಟಲೆ ಇಡಲು ಬೇಡ.

ನಿಜವಾದ ಅಂತರ ಕಂಡದ್ದು ಮುಚ್ಚಳ ತೆರೆಯುವ ರೀತಿಯಲ್ಲಿ. ಡೆಸಿಕೇಟರ್‌ನಲ್ಲಿ (ತೇವ ಹೀರುವ ವಸ್ತುವಿಟ್ಟು ಒಳಗಿನ ಗಾಳಿಯನ್ನು ಒಣಗಿಸಿಡುವ ಮುಚ್ಚಿದ ಪಾತ್ರೆ) ಕೋಣೆಯ ಉಷ್ಣತೆಗೆ ಬಂದ ಮೇಲೆ ತೆರೆದ ಸೀಸೆಯ ಪುಡಿ ಹತ್ತಿಯ ಎಳೆಯಂತೆ ಹಗುರವಾಗಿಯೇ ಉಳಿಯಿತು. ಫ್ರೀಜರ್‌ನಿಂದ ತೆಗೆದವನೇ ತೆರೆದ ಸೀಸೆಯಲ್ಲಿ ತಣ್ಣನೆಯ ಗಾಜಿನ ಮೇಲೆ ಹನಿ ಕಟ್ಟಿ, ಪುಡಿ ಕುಗ್ಗಿ ಗೋಡೆಗೆ ಅಂಟಿಕೊಂಡಿತು. ಚಮಚದ ತುದಿಯಿಂದ ಕೆರೆದರೂ ಏಳಲಿಲ್ಲ. ಹೀರಿದ ನೀರೂ ತೂಕಕ್ಕೆ ಸೇರುವುದರಿಂದ ಆಮೇಲೆ ಮಾಡುವ ದ್ರಾವಣದ ಸಾಂದ್ರತೆಯ ಲೆಕ್ಕವೂ ತಪ್ಪುತ್ತದೆ. ಇಷ್ಟು ನಿರ್ಲಕ್ಷ್ಯವಿದ್ದರೆ ಮೈನಸ್ 80ರ ವಿದ್ಯುತ್ ಖರ್ಚು ದಂಡ.

ದ್ರಾವಣದ ಕಥೆಯೇ ಬೇರೆ. ಒಂದೇ ಕೊಳವೆಯನ್ನು ಪ್ರತಿ ಸಲ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದಾಗ ಮುಖ್ಯ ಶೃಂಗಕ್ಕಿಂತ ಮುಂಚೆ ಒಂದು ಪುಟ್ಟ ಶೃಂಗ ಮೂಡಿ ಬೆಳೆಯುತ್ತಾ ಹೋಯಿತು. ಮೆಥಿಯೋನಿನ್ ಸಲ್ಫಾಕ್ಸೈಡ್, ಅಂದರೆ ಆಮ್ಲಜನಕ ಸೇರಿ ಕೆಟ್ಟ ಮೆಥಿಯೋನಿನ್, ಇರಬೇಕಾದ ಜಾಗ ಅದೇ. ಒಂದು ಸಲಕ್ಕೆ ಸಾಕಾಗುವಷ್ಟನ್ನು ಪುಟ್ಟ ಕೊಳವೆಗಳಿಗೆ ಹಂಚಿ, ಯಾವುದರೊಂದಿಗೂ ಬೆರೆಯದ ಆರ್ಗಾನ್ ಅನಿಲ ಹಾಯಿಸಿ ಮುಚ್ಚಿಟ್ಟವುಗಳಲ್ಲಿ ಅದು ಅಲ್ಲಿದೆಯೋ ಇಲ್ಲವೋ ಎನ್ನುವಷ್ಟು ಮಂಕಾಗಿತ್ತು. ದ್ರಾವಣಕ್ಕೆ ಮಾತ್ರ ನಾನು ಮೈನಸ್ 80ರ ಪಕ್ಷ. ಅದು ಸಿಗದವರು ಮೈನಸ್ 20ರಲ್ಲಿಡಬಹುದು, ಆದರೆ ತಾನೇ ಹಿಮ ಕರಗಿಸಿಕೊಳ್ಳುವ ಫ್ರೀಜರ್ ಬೇಡ: ಹಿಮ ಬಿಡಿಸಲು ಅದು ಆಗಾಗ ಒಳಗೊಳಗೇ ಬೆಚ್ಚಗಾಗುತ್ತದೆ, ನಾವು ಬಾಗಿಲು ಮುಟ್ಟದಿದ್ದರೂ ಪೆಪ್ಟೈಡ್‌ಗೆ ಏರಿಳಿತದ ಕಾಟ ತಪ್ಪುವುದಿಲ್ಲ. ಕೈಯಿಂದ ಹಿಮ ತೆಗೆಯಬೇಕಾದ ಹಳೆಯ ಮಾದರಿಯೇ ವಾಸಿ.

ಬಫರ್‌ಗಳಲ್ಲಿ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣಗಳು) ಪಿಎಚ್ 5ರಿಂದ 6ರೊಳಗಿನದು 8ರದ್ದನ್ನು ಸಲೀಸಾಗಿ ಹಿಂದಿಕ್ಕಿತು. ಕ್ಷಾರ ಹೆಚ್ಚಿದಷ್ಟೂ ಆಸ್ಪರಜಿನ್ ಬೇಗ ಕೆಡುತ್ತದೆ. ನೀರಿನಲ್ಲಿ ಕರಗದ ಪೆಪ್ಟೈಡ್‌ಗೆ ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್) ಒಳ್ಳೆಯ ದ್ರಾವಕವೇ, ಆದರೆ ಮೆಥಿಯೋನಿನ್ ಅಥವಾ ಸಿಸ್ಟೀನ್ ಇದ್ದರೆ ಅದೇ ಉತ್ಕರ್ಷಣಕ್ಕೆ ದಾರಿ ಮಾಡಿಕೊಡುತ್ತದೆ. ಅಂಥವುಗಳಿಗೆ ಇನ್ನೊಂದು ದ್ರಾವಕವಾದ ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್) ಮೇಲು, ಜೀವಕೋಶಗಳ ಮೇಲಿನ ಪ್ರಯೋಗಕ್ಕೆ ಮಾತ್ರ ಅದು ಒಗ್ಗುವುದಿಲ್ಲ.