ಬಾಳೆಹೊನ್ನೂರಿನ ಆಚೆ ಒಂದು ದೊರೆ ಬಂಗಲೆ: ಮಳೆಗಾಲದ ಎರಡು ರಾತ್ರಿ

ಶಿವಮೊಗ್ಗದ ಸಾಗರ ರಸ್ತೆಯಲ್ಲಿ ಬಾಗಿಲು, ಕಿಟಕಿ ಮಾಡುವ ಕೆಲಸ ನನ್ನದು. 28 ವರ್ಷವಾಯ್ತು. ಎಲ್ಲಿಗೆ ಹೋದರೂ ಕಣ್ಣು ಮೊದಲು ದಾರಂದದ, ಅಂದರೆ ಬಾಗಿಲ ಚೌಕಟ್ಟಿನ ಮೇಲೇ ಬೀಳುತ್ತದೆ. ಈ ಹೋಂಸ್ಟೇಯ ಊಟ, ಹಾಸಿಗೆ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಮನೆಯ ಬಗ್ಗೆ ಬರೆಯುತ್ತೇನೆ.

ಜುಲೈ ಎರಡನೇ ವಾರ ಅಪ್ಪ, ನನ್ನ ಹೆಂಡತಿ, ನಾನು ಹೋಗಿದ್ದೆವು. ಅಪ್ಪನಿಗೆ 81. ಉಳಿ ಹಿಡಿಯುವುದು ಬಿಟ್ಟು ಹತ್ತು ವರ್ಷವಾಗಿದೆ. ಬಾಳೆಹೊನ್ನೂರು ದಾಟಿ ಕಾಫಿ ತೋಟಗಳ ನಡುವೆ ಸಾಗಬೇಕು. ಕೊನೆಯ ಎರಡು ಕಿಲೋಮೀಟರ್ ಮಣ್ಣು ರಸ್ತೆ, ಸಣ್ಣ ಕಾರಾದರೆ ತಳ ತಾಗುತ್ತದೆ. ಇಂಗ್ಲಿಷ್ ಪ್ಲಾಂಟರ್ ಒಬ್ಬ ಕಟ್ಟಿಸಿದ ಬಂಗಲೆ ಇದು. ತೋಟದ ಜೊತೆಗೇ ಈಗಿನ ಗೌಡರ ಮನೆತನಕ್ಕೆ ಬಂತಂತೆ. ಊರಿನವರ ಬಾಯಲ್ಲಿ ಇವತ್ತಿಗೂ ದೊರೆ ಬಂಗಲೆ.

ನಾವು ತಲುಪಿದಾಗ ಜಡಿಮಳೆ. ಅಪ್ಪ ಒಳಗೆ ಬರಲೇ ಇಲ್ಲ. ಜಗಲಿಯ ತುದಿಯಲ್ಲಿ ನಿಂತು ಹೆಂಚಿನ ಮಾಡನ್ನೇ ನೋಡುತ್ತಿದ್ದರು. "ಹೊಗೆಗೂಡು ಎಲ್ಲಿ ಇಟ್ಟಿದಾನೆ ನೋಡು" ಅಂದರು.

ಹೆಂಚಿನ ಮನೆ ಇರುವವರಿಗೆ ಇದು ಗೊತ್ತಾಗುತ್ತದೆ. ಮಾಡಿನ ಇಳಿಜಾರಿನ ಮಧ್ಯೆ ಚಿಮಣಿ ಎಬ್ಬಿಸಿದರೆ ಮೇಲಿಂದ ಇಳಿಯುವ ನೀರೆಲ್ಲ ಅದರ ಬೆನ್ನಿಗೆ ಬಡಿದು ನಿಲ್ಲುತ್ತದೆ. ಅಲ್ಲಿ ತರಗೆಲೆ ಸೇರುತ್ತದೆ. ಆಮೇಲೆ ಹೆಂಚು ಕೂರುವ ರೀಪು ಕೊಳೆಯುತ್ತದೆ, ಅದನ್ನು ಹೊರುವ ಪಕಾಸಿಗೂ ನೀರು ಇಳಿಯುತ್ತದೆ. ಈ ಬಂಗಲೆಯಲ್ಲಿ ಚಿಮಣಿ ಎದ್ದಿರುವುದು ಮನೆಯ ನಟ್ಟನಡುವಿನ ಗೋಡೆಯಿಂದ. ಹಾಲಿನ ಬೆಂಕಿಗೂಡು, ಊಟದ ಕೋಣೆಯ ಬೆಂಕಿಗೂಡು ಎರಡೂ ಆ ಗೋಡೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ. ಹೊಗೆ ಸೀದಾ ಮಾಡಿನ ನೆತ್ತಿಯಲ್ಲಿ ಹೊರಗೆ ಬರುತ್ತದೆ. ನೆತ್ತಿಯ ಮೇಲೆ ಇನ್ನೆಲ್ಲಿಯ ಇಳಿಜಾರು? ನೀರು ಎರಡೂ ಕಡೆ ಹರಿದು ಹೋಗುತ್ತದೆ. ಒಳಗೆ ಹೋಗಿ ಗೋಡೆ ಮುಟ್ಟಿ ನೋಡಿದೆ, ತೇವದ ಕಲೆ ಒಂದೂ ಇರಲಿಲ್ಲ.

ನಡುಗೋಡೆಯ ಚಿಮಣಿಯನ್ನು ನಾನು ಇದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ನೋಡಿದ್ದೆ. ಮಗಳು ಶೆಫೀಲ್ಡಿನಲ್ಲಿ ಓದುತ್ತಿದ್ದಾಗ ನಮ್ಮನ್ನು ಡರ್ಬಿಶೈರಿನ ಹಾರ್ಡ್‌ವಿಕ್ ಹಾಲ್‌ಗೆ ಕರೆದುಕೊಂಡು ಹೋಗಿದ್ದಳು. ಬೆಸ್ ಅಂತಲೇ ಹೆಸರಾದ ಶ್ರೂಸ್‌ಬರಿಯ ಕೌಂಟೆಸ್ ಎಲಿಜಬೆತ್ 1590ರಲ್ಲಿ ಕಟ್ಟಿಸಲು ಶುರುಮಾಡಿ, 1597ರಲ್ಲಿ ಒಕ್ಕಲಾದ ಮನೆ ಅದು. ನಕ್ಷೆ ರಾಬರ್ಟ್ ಸ್ಮಿತ್‌ಸನ್ ಅವರದು ಎನ್ನುತ್ತಾರೆ. ಗೋಡೆಗಿಂತ ಗಾಜೇ ಜಾಸ್ತಿ ಅಂತ ಆ ಮನೆಯ ಬಗ್ಗೆ ಗಾದೆಯಂಥ ಮಾತೇ ಇದೆ. ಅಂತಸ್ತು ಏರಿದಂತೆ ಕಿಟಕಿಗಳೂ ಎತ್ತರವಾಗುತ್ತವೆ. ದೊಡ್ಡ ದರ್ಬಾರಿನ ಕೋಣೆ ಇರುವುದು ಎಲ್ಲಕ್ಕಿಂತ ಮೇಲೆ. ಗೋಪುರಗಳ ತಲೆಯ ಮೇಲೆ ಅವಳ ಹೆಸರಿನ ಎರಡು ಅಕ್ಷರಗಳನ್ನು ಕಲ್ಲಿನಲ್ಲೇ ಕೆತ್ತಿಸಿ ನಿಲ್ಲಿಸಿದ್ದಾರೆ, ದೂರದಿಂದಲೇ ಕಾಣುತ್ತವೆ. ಆ ಕಾಲಕ್ಕೆ ಗಾಜು ಬಹಳ ದುಬಾರಿ. ಹೊರಗೋಡೆಯಲ್ಲಿ ಅಷ್ಟು ಗಾಜು ಕೂರಿಸಬೇಕಲ್ಲ, ಅದಕ್ಕೆ ಚಿಮಣಿಗಳನ್ನು ಒಳಗೋಡೆಗಳಿಗೆ ಸೇರಿಸಿದರು. ಹೊರಗೋಡೆ ಬಲ ಕಳೆದುಕೊಳ್ಳದೆ ದೊಡ್ಡ ಕಿಟಕಿ ಹೊರಲು ಸಾಧ್ಯವಾಯಿತು.

ಅಲ್ಲಿ ಬೆಳಕಿಗಾಗಿ ಮಾಡಿದ ಅದೇ ಯುಕ್ತಿ ಇಲ್ಲಿ ಮಳೆಗೆ ಒದಗಿದೆ. ಹಾರ್ಡ್‌ವಿಕ್‌ನ ಗೋಡೆಗೆ ಸೂರೇ ಇಲ್ಲ, ಬರಿಮೈಯಲ್ಲಿ ನೆಟ್ಟಗೆ ನಿಂತಿದೆ. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ನಮ್ಮ ಆಗುಂಬೆಯಲ್ಲಿ 7,000 ದಾಟುತ್ತದೆ. ಇಲ್ಲಿಗೆ ಬಂದ ದೊರೆ ತನ್ನ ಬೆಂಕಿಗೂಡು, ಎತ್ತರದ ಕಿಟಕಿ ಎಲ್ಲ ಉಳಿಸಿಕೊಂಡು, ಮೇಲೆ ನಮ್ಮ ಕಡೆಯ ಮಾಡು ಹೊದಿಸಿದ್ದಾನೆ. ಸುತ್ತ ಒಂಬತ್ತು ಅಡಿ ಜಗಲಿ, ಸೊಂಟದವರೆಗೆ ಇಳಿದಂತೆ ಕಾಣುವ ಸೂರು. ಗಾಳಿಮಳೆಗೆ ಪಡುವಣ ಕಡೆಗೆ ಈಗಲೂ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ. ಬದಲಾಯಿಸಿದ ಹೆಂಚುಗಳನ್ನು ಕೊಟ್ಟಿಗೆಯ ಪಕ್ಕ ಪೇರಿಸಿಟ್ಟಿದ್ದರು. ಒಂದನ್ನು ತಿರುಗಿಸಿದರೆ ಬಾಸೆಲ್ ಮಿಷನ್ ಮುದ್ರೆ! 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಕ್ರೈಸ್ತ ಪಾದ್ರಿಗಳ ಸಂಸ್ಥೆ ಅದು. ಮೊದಲ ಮಹಾಯುದ್ಧದ ಹೊತ್ತಿಗೆ ಕಾರ್ಖಾನೆಗಳು ಅವರ ಕೈ ತಪ್ಪಿದವು. ಅಂದಮೇಲೆ ಆ ಹೆಂಚಿಗೆ ನೂರು ವರ್ಷ ದಾಟಿದೆ.

ಇನ್ನು ಕಿಟಕಿ. ಮೂಡಣ ಕೋಣೆಯಲ್ಲಿ ಮೇಲೆ ಕೆಳಗೆ ಜಾರುವ ಕಿಟಕಿ ಇದೆ. ಬೆಸ್ ಕಾಲಕ್ಕೆ ಇದು ಇರಲಿಲ್ಲ, ಇಂಗ್ಲೆಂಡಿನ ದೊಡ್ಡ ಮನೆಗಳಿಗೆ ಇದು ಬಂದದ್ದು ಇನ್ನೂ ಸುಮಾರು ನೂರು ವರ್ಷ ಕಳೆದ ಮೇಲೆ. ನಮ್ಮ ಕಡೆ ತೀರಾ ಅಪರೂಪ. ಕೆಳಗಿನ ಕದ ಎತ್ತಿದರೆ ನಿಲ್ಲುತ್ತಿರಲಿಲ್ಲ, ಒಂದು ಮರದ ತುಂಡು ಕೊಟ್ಟು ನಿಲ್ಲಿಸಿದ್ದರು. ಅಪ್ಪ ಚೌಕಟ್ಟಿನ ಪಕ್ಕವನ್ನು ಬೆರಳಲ್ಲಿ ತಟ್ಟುತ್ತಾ ಬಂದರು. ಒಂದು ಕಡೆ ಟೊಳ್ಳು ಸದ್ದು. ಬಣ್ಣ ಕೆರೆದರೆ ಅಂಗೈ ಅಗಲದ ಮುಚ್ಚಳ! ತೆಗೆದಾಗ ಒಳಗೆ ಗೂಡು, ಅದರ ತಳದಲ್ಲಿ ಸೌತೆಕಾಯಿಯಂಥ ಉದ್ದನೆಯ ಎರಕದ ಗುಂಡು ಬಿದ್ದಿತ್ತು. ಅದಕ್ಕೆ ಕಟ್ಟಿದ್ದ ಹತ್ತಿ ಹಗ್ಗ ಮುಟ್ಟಿದರೆ ಪುಡಿ. ಇನ್ನೊಂದು ಬದಿಯಲ್ಲೂ ಅಂಥದ್ದೇ ಗುಂಡು. ಎರಡೂ ಸೇರಿದರೆ ಕದದ ತೂಕಕ್ಕೆ ಸಮ. ಹಗ್ಗ ಮೇಲಿನ ಹಿತ್ತಾಳೆ ರಾಟೆಯ ಮೇಲೆ ಹಾದು ಕದಕ್ಕೆ ಸೇರುತ್ತದೆ, ಹಾಗಾಗಿ ಕದ ಬಿಟ್ಟಲ್ಲೇ ನಿಲ್ಲುತ್ತದೆ.

"ಆಚಾರ್ರೇ, ಇದು ಹೀಗೆ ಅಂತ ನಮ್ಮಪ್ಪನಿಗೂ ಗೊತ್ತಿರಲಿಲ್ಲ" ಅಂದರು ಗೌಡರು. "ಹಗ್ಗ ಇದ್ರೆ ಕೊಡಿ ಗೌಡ್ರೇ" ಅಂದರು ಅಪ್ಪ.

ಒಂದು ಬೇಸರ ಹೇಳಲೇಬೇಕು. ಹಿಂಬದಿಯ ಎರಡು ಕೋಣೆಗಳ ಹಳೆಯ ಕಿಟಕಿ ಕಿತ್ತು ಅಲ್ಯೂಮಿನಿಯಂ ಹಾಕಿದ್ದಾರೆ. ಅವಕ್ಕೆ ಸೇರಿಸಿ ಕಟ್ಟಿದ ಹೊಸ ಬಚ್ಚಲಿಗೆ ಚಪ್ಪಟೆ ತಾರಸಿ. ಅದು ಹಳೆಯ ಗೋಡೆಗೆ ಸೇರುವ ಜಾಗದಲ್ಲಿ ನೀರು ಇಳಿದು ಸುಣ್ಣ ಉಬ್ಬಿದೆ. ತಾರಸಿ ಮೇಲೊಂದು ಇಳಿಜಾರು ಮಾಡು ಹಾಕಿಸಿ, ಅದರ ನೀರು ಹಳೆಯ ಗೋಡೆಯಿಂದ ದೂರ ಬೀಳಲಿ ಅಂತ ಗೌಡರಿಗೇ ಹೇಳಿ ಬಂದಿದ್ದೇನೆ. ಕಿತ್ತ ಕಿಟಕಿಗಳು ಅಟ್ಟದಲ್ಲೇ ಇವೆ, ತೇಗದವು, ಒಂದಕ್ಕೂ ಹುಳು ಹಿಡಿದಿಲ್ಲ. ದಯವಿಟ್ಟು ಮಾರಬೇಡಿ ಅಂತ ಕೇಳಿಕೊಂಡೆ.

ಊಟ ಚೆನ್ನಾಗಿತ್ತು. ಕಳಲೆ ಪಲ್ಯ, ಕಡುಬು, ಹಂಡೆಯ ಬಿಸಿನೀರು. ಒಬ್ಬರಿಗೆ ದಿನಕ್ಕೆ 2,800 ರೂಪಾಯಿ, ಊಟ ತಿಂಡಿ ಸೇರಿ. ಮೊಬೈಲ್ ಸಿಗ್ನಲ್ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಡಿಸೆಂಬರಿನಲ್ಲಿ ಹೋಗುವವರೇ ಜಾಸ್ತಿಯಂತೆ. ಮಳೆಗಾಲದಲ್ಲೇ ಹೋಗಿ, ಆ ಮಾಡು ಕೆಲಸ ಮಾಡುವುದು ಆಗಲೇ ಕಾಣುವುದು.

ಬುಕ್ ಮಾಡುವಾಗ ಮೂಡಣ ಕೋಣೆಯನ್ನೇ ಕೇಳಿ. ಎರಡನೇ ದಿನ ಗೌಡರು ಪೇಟೆಯಿಂದ ಹತ್ತಿ ಹಗ್ಗ ತರಿಸಿದರು. ನಾನು ಕದ ಹಿಡಿದುಕೊಂಡೆ, ಅಪ್ಪ ಗುಂಡಿಗೆ ಗಂಟು ಹಾಕಿದರು. ಈಗ ಆ ಕಿಟಕಿ ಒಂದೇ ಬೆರಳಿಗೆ ಮೇಲೇಳುತ್ತದೆ.